ಬೀದಿಗೆ ಇಟ್ಟ ಹೆಸರು, ಬೀದಿಗೆ ಇಳಿದ ಜನ

ಇವತ್ತಿನ ಕಥೆ ಒಂದು ಫೋಟೊ ಫ್ರೇಮಿನಿಂದ ಶುರುವಾಗುತ್ತೆ.

2018ನೇ ಇಸವಿ. ಉತ್ತರ ಆಫ್ರಿಕಾದ ಅಲ್ಜೀರಿಯಾ ದೇಶ. ಜೆಲ್ಫಾ ಅನ್ನೋ ಊರಲ್ಲಿ ಒಂದು ಸಮಾರಂಭ. ದೇಶದ ಅಧ್ಯಕ್ಷರಿಗೆ ಕುದುರೆಯೊಂದನ್ನು ಉಡುಗೊರೆ ಕೊಡಬೇಕು. ಕುದುರೆ ಬಂತು, ಕೊಡುವವರು ಬಂದರು, ಚಪ್ಪಾಳೆ ತಟ್ಟುವವರೂ ಬಂದರು. ಅಧ್ಯಕ್ಷರು ಮಾತ್ರ ಬರಲಿಲ್ಲ. ಅವರ ಜಾಗದಲ್ಲಿ ಫ್ರೇಮು ಹಾಕಿಸಿದ ಅವರ ಭಾವಚಿತ್ರ ಇತ್ತು. ಕುದುರೆಯನ್ನು ಆ ಚಿತ್ರಕ್ಕೇ ಕೊಟ್ಟರು.

ಆ ಅಧ್ಯಕ್ಷರ ಹೆಸರು ಅಬ್ದೆಲ್ ಅಜೀಜ್ ಬುತೆಫ್ಲಿಕಾ. 1999ರಿಂದ ಅಧಿಕಾರದಲ್ಲಿದ್ದರು. 2013ರಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಜನರ ಮುಂದೆ ಒಂದು ಭಾಷಣವನ್ನೂ ಮಾಡಿರಲಿಲ್ಲ. 2014ರ ಚುನಾವಣೆಯಲ್ಲಿ ಪ್ರಚಾರಕ್ಕೇ ಹೋಗದೆ ಗೆದ್ದರು, ಗಾಲಿಕುರ್ಚಿಯಲ್ಲಿ ಬಂದು ಮತ ಹಾಕಿದರು. ಸಭೆ ಸಮಾರಂಭಗಳಲ್ಲಿ ಅವರ ಬದಲು ಫ್ರೇಮು ಬರುತ್ತಿತ್ತು. ಜನ ಅವರನ್ನು ‘ಫ್ರೇಮು’ ಅಂತಲೇ ಕರೆದು ನಗೋಕೆ ಶುರು ಮಾಡಿದರು.

2019ರ ಫೆಬ್ರುವರಿ 10ರಂದು ಪ್ರಕಟಣೆ ಬಂತು. 81 ವರ್ಷದ ಅಧ್ಯಕ್ಷರು ಐದನೇ ಸಲ ಸ್ಪರ್ಧಿಸ್ತಾರಂತೆ. ನಗು ಅಲ್ಲಿಗೆ ನಿಂತಿತು. ಫೆಬ್ರುವರಿ 22, ಶುಕ್ರವಾರ, ಮಧ್ಯಾಹ್ನದ ನಮಾಜ್ ಮುಗಿದ ಮೇಲೆ ದೇಶದ ಊರೂರಿನಲ್ಲಿ ಜನ ರಸ್ತೆಗೆ ಇಳಿದರು. ರಾಜಧಾನಿ ಅಲ್ಜೀರ್ಸ್‌ನಲ್ಲಿ 2001ರಿಂದ ಮೆರವಣಿಗೆಗೆ ನಿಷೇಧ ಇತ್ತು, ಆದರೂ ಇಳಿದರು. ಮುಂದಿನ ಶುಕ್ರವಾರ ಇನ್ನೂ ಹೆಚ್ಚು ಜನ, ಅದರ ಮುಂದಿನ ಶುಕ್ರವಾರ ಇನ್ನೂ ಹೆಚ್ಚು. ಆರನೇ ವಾರ ತುಂಬುವ ಹೊತ್ತಿಗೆ, ಏಪ್ರಿಲ್ 2ರಂದು, ಬುತೆಫ್ಲಿಕಾ ರಾಜೀನಾಮೆ ಕೊಟ್ಟರು. ಈ ಚಳವಳಿಯ ಹೆಸರು ಹಿರಾಕ್. ಅರಬ್ಬಿಯಲ್ಲಿ ಹಾಗಂದರೆ ಚಲನೆ, ಚಳವಳಿ ಅಂತ ಅರ್ಥ.

ನಾನು ಇದನ್ನೆಲ್ಲ ಆಗ ನಿಮ್ಮ ಹಾಗೆಯೇ ಫೋನಿನಲ್ಲಿ ನೋಡ್ತಾ ಇದ್ದೆ. ಒಂದು ವಿಷಯ ನನಗೆ ಅರ್ಥವೇ ಆಗ್ತಿರಲಿಲ್ಲ. ಇಪ್ಪತ್ತು ಇಪ್ಪತ್ತೈದು ವರ್ಷದ ಹುಡುಗ ಹುಡುಗಿಯರ ಕೈಯಲ್ಲಿ ಕಪ್ಪು ಬಿಳುಪು ಫೋಟೊಗಳು. ಅರವತ್ತು ವರ್ಷದ ಹಿಂದೆ ಸತ್ತವರ ಮುಖಗಳು, ಸ್ವಾತಂತ್ರ್ಯ ಹೋರಾಟದ ಹುತಾತ್ಮರು. ಇದೇ ಹುತಾತ್ಮರ ಹೆಸರು ಹೇಳಿಕೊಂಡೇ ತಾನೇ ಅಲ್ಲಿನ ಸರ್ಕಾರ ಅಷ್ಟೂ ವರ್ಷ ಆಳಿದ್ದು? ಸರ್ಕಾರವನ್ನು ವಿರೋಧಿಸೋರು ಸರ್ಕಾರದ ಗೋಡೆ ಮೇಲಿರೋ ಫೋಟೊವನ್ನೇ ಯಾಕೆ ಹಿಡ್ಕೊಂಡು ಬರ್ತಾರೆ?

ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದರೆ ಅಲ್ಜೀರಿಯಾದ ಸುಮಾರು ಇನ್ನೂರು ವರ್ಷದ ಇತಿಹಾಸ ಬಿಚ್ಚಿಕೊಳ್ಳುತ್ತೆ. ಬನ್ನಿ, ಒಂದೊಂದಾಗಿ ನೋಡೋಣ.

ಎರಡು ರಸ್ತೆ, ಆರು ಜನ

ಅಲ್ಜೀರ್ಸ್ ಸಮುದ್ರದ ಅಂಚಿನ ಊರು. ನಗರದ ಮಧ್ಯದಲ್ಲಿ ಬಿಳಿ ಬಣ್ಣದ, ಕಮಾನುಗಳಿರುವ ಒಂದು ದೊಡ್ಡ ಅಂಚೆ ಕಚೇರಿ ಇದೆ. ಫ್ರೆಂಚರ ಕಾಲದ್ದು. ಹಿರಾಕ್‌ನ ಜನ ಸೇರ್ತಾ ಇದ್ದದ್ದು ಅದರ ಮೆಟ್ಟಿಲುಗಳ ಮೇಲೆ. ಅಲ್ಲಿಗೆ ಬರುವ ಎರಡು ಮುಖ್ಯ ರಸ್ತೆಗಳಲ್ಲಿ ಒಂದರ ಹೆಸರು ಲಾರ್ಬಿ ಬೆನ್ ಮಿಹಿದಿ ರಸ್ತೆ, ಇನ್ನೊಂದರ ಹೆಸರು ದಿದೂಶ್ ಮುರಾದ್ ರಸ್ತೆ. ಫ್ರೆಂಚರ ಕಾಲದಲ್ಲಿ ಇವುಗಳಿಗೆ ಇಸ್ಲಿ ರಸ್ತೆ, ಮಿಶ್ಲೆ ರಸ್ತೆ ಅಂತ ಹೆಸರಿತ್ತು. ಸ್ವಾತಂತ್ರ್ಯ ಬಂದ ಮೇಲೆ ಬದಲಾಯಿಸಿದರು.

ಯಾರು ಈ ಇಬ್ಬರು? 1954ರ ಅಕ್ಟೋಬರ್ ಕೊನೆಯಲ್ಲಿ ಅಲ್ಜೀರ್ಸ್‌ನ ಒಂದು ಸ್ಟುಡಿಯೊದಲ್ಲಿ ಆರು ಯುವಕರು ಸೂಟು ಹಾಕ್ಕೊಂಡು ಗ್ರೂಪ್ ಫೋಟೊ ತೆಗೆಸಿಕೊಂಡರು. ನಾಲ್ವರು ನಿಂತಿದ್ದಾರೆ, ಇಬ್ಬರು ಕೂತಿದ್ದಾರೆ. ಇನ್ನು ಕೆಲವೇ ದಿನಕ್ಕೆ, ನವೆಂಬರ್ 1ರಂದು, ಇವರು ಫ್ರಾನ್ಸ್ ವಿರುದ್ಧ ಸಶಸ್ತ್ರ ದಂಗೆ ಶುರು ಮಾಡಲಿದ್ದರು. ಸಂಘಟನೆಯ ಹೆಸರು ರಾಷ್ಟ್ರೀಯ ವಿಮೋಚನಾ ರಂಗ, ಅಂದರೆ ಎಫ್‌ಎಲ್‌ಎನ್.

ಆ ಆರು ಜನರ ಗತಿ ಏನಾಯ್ತು ಕೇಳಿ. ದಿದೂಶ್ ಮುರಾದ್ 1955ರ ಜನವರಿಯಲ್ಲಿ ಕಾಳಗದಲ್ಲಿ ಸತ್ತರು, 27 ವರ್ಷ. ಮುಸ್ತಫಾ ಬೆನ್ ಬುಲೈದ್ 1956ರಲ್ಲಿ ಬಾಂಬ್ ಸ್ಫೋಟಕ್ಕೆ ಬಲಿಯಾದರು. ಲಾರ್ಬಿ ಬೆನ್ ಮಿಹಿದಿ 1957ರಲ್ಲಿ ಫ್ರೆಂಚ್ ಸೈನ್ಯದ ವಶದಲ್ಲಿದ್ದಾಗ ಸತ್ತರು. ಉಳಿದ ಮೂವರು ಸ್ವಾತಂತ್ರ್ಯವನ್ನು ಕಣ್ಣಾರೆ ಕಂಡರು. ಆ ಮೂವರಲ್ಲಿ ಕ್ರಿಮ್ ಬೆಲ್ಕಾಸೆಮ್ 1970ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಹೋಟೆಲ್ ಕೋಣೆಯೊಂದರಲ್ಲಿ ಕೊಲೆಯಾಗಿ ಸಿಕ್ಕರು. ಮೊಹಮ್ಮದ್ ಬೂದಿಯಾಫ್ 1992ರಲ್ಲಿ ದೇಶದ ಮುಖ್ಯಸ್ಥರಾಗಿದ್ದಾಗಲೇ, ವೇದಿಕೆ ಮೇಲೆ, ತಮ್ಮದೇ ಭದ್ರತಾ ಸಿಬ್ಬಂದಿಯ ಗುಂಡಿಗೆ ಬಲಿಯಾದರು. ವಯಸ್ಸಾಗಿ ಸತ್ತವರು ರಾಬಹ್ ಬಿತಾತ್ ಒಬ್ಬರೇ.

ಒಂದೇ ಫೋಟೊ. ಮೂವರನ್ನು ತೆಗೆದುಕೊಂಡದ್ದು ಫ್ರಾನ್ಸ್ ವಿರುದ್ಧದ ಯುದ್ಧ. ಇಬ್ಬರು ಕೊಲೆಯಾದದ್ದು ಸ್ವಾತಂತ್ರ್ಯ ಬಂದ ಮೇಲೆ. ಅಲ್ಜೀರಿಯಾದ ಸಂಕಟ ಏನು ಅಂತ ಅರ್ಥ ಮಾಡ್ಕೊಳ್ಳೋಕೆ ಈ ಲೆಕ್ಕ ಸಾಕು.

ನೊಣ ಓಡಿಸುವ ಬೀಸಣಿಗೆಯಿಂದ 132 ವರ್ಷ

ಫ್ರೆಂಚರು ಅಲ್ಲಿಗೆ ಬಂದದ್ದು ಹೇಗೆ? ಫ್ರಾನ್ಸ್ ಅಲ್ಜೀರ್ಸ್‌ನಿಂದ ಗೋಧಿ ತರಿಸಿಕೊಂಡಿತ್ತು, ದುಡ್ಡು ಬಾಕಿ ಉಳಿಸಿಕೊಂಡಿತ್ತು. 1827ರಲ್ಲಿ ಆ ಸಾಲದ ಮಾತು ಬಂದಾಗ ಅಲ್ಜೀರ್ಸ್‌ನ ದೊರೆ ಹುಸೇನ್ ಸಿಟ್ಟಿಗೆದ್ದು ಫ್ರೆಂಚ್ ರಾಯಭಾರಿಗೆ ನೊಣ ಓಡಿಸುವ ಬೀಸಣಿಗೆಯಿಂದ ಹೊಡೆದರಂತೆ. ಅವಮಾನ ಆಯ್ತು ಅನ್ನೋ ನೆಪ ಸಿಕ್ಕಿತು. 1830ರಲ್ಲಿ ಫ್ರಾನ್ಸ್ ಸೈನ್ಯ ಇಳಿಸಿತು. ಜುಲೈ 5ರಂದು ಅಲ್ಜೀರ್ಸ್ ಶರಣಾಯಿತು.

ದೇಶದ ಒಳಭಾಗ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅಮೀರ್ ಅಬ್ದೆಲ್ ಕಾದಿರ್ ಅನ್ನೋ ಯುವ ನಾಯಕ 1832ರಿಂದ 1847ರ ತನಕ ಫ್ರೆಂಚರ ಜತೆ ಕಾದಾಡಿದ. ಅವನು ಸೋತ ಮರುವರ್ಷ, 1848ರಲ್ಲಿ, ಫ್ರಾನ್ಸ್ ಒಂದು ವಿಶೇಷ ಕೆಲಸ ಮಾಡಿತು. ಅಲ್ಜೀರಿಯಾದ ಉತ್ತರ ಭಾಗವನ್ನು ಮೂರು ಜಿಲ್ಲೆಗಳನ್ನಾಗಿ ಮಾಡಿ, ಇದು ವಸಾಹತು ಅಲ್ಲ, ಫ್ರಾನ್ಸಿನದೇ ಭಾಗ ಅಂತ ಘೋಷಿಸಿತು.

ಭಾಗ ಅಂದಮೇಲೆ ಅಲ್ಲಿನ ಜನರೂ ಫ್ರೆಂಚ್ ಪ್ರಜೆಗಳಾಗಬೇಕಲ್ವಾ? ಆಗಲಿಲ್ಲ. ಯುರೋಪಿನಿಂದ ಬಂದು ನೆಲೆಸಿದವರಿಗೆ ಒಳ್ಳೆ ಜಮೀನು, ಮತದ ಹಕ್ಕು. ಅಲ್ಲೇ ಹುಟ್ಟಿದ ಮುಸ್ಲಿಮರಿಗೆ ಬೇರೆಯದೇ ಕಾನೂನು. 1881ರ ‘ಸ್ಥಳೀಯರ ಸಂಹಿತೆ’ಯ ಪ್ರಕಾರ ಅವರಿಗೆ ನ್ಯಾಯಾಲಯದ ವಿಚಾರಣೆ ಇಲ್ಲದೆಯೇ ದಂಡ, ಜೈಲು ವಿಧಿಸಬಹುದಿತ್ತು.

1945ರ ಮೇ 8. ಎರಡನೇ ಮಹಾಯುದ್ಧದಲ್ಲಿ ಹಿಟ್ಲರ್ ಸೋತ ದಿನ. ಫ್ರಾನ್ಸಿನ ಪರವಾಗಿ ಸಾವಿರಾರು ಅಲ್ಜೀರಿಯನ್ನರೂ ಹೋರಾಡಿದ್ದರು. ಸೆತಿಫ್ ಅನ್ನೋ ಊರಲ್ಲಿ ವಿಜಯದ ಮೆರವಣಿಗೆ ಹೊರಟಿತು. ಅದರಲ್ಲಿ ಒಬ್ಬ ಯುವಕನ ಕೈಯಲ್ಲಿ ಅಲ್ಜೀರಿಯಾದ ಬಾವುಟ ಇತ್ತು. ಪೊಲೀಸರು ಗುಂಡು ಹಾರಿಸಿದರು. ಗಲಭೆಯಲ್ಲಿ ಸುಮಾರು ನೂರು ಯುರೋಪಿಯನ್ನರು ಸತ್ತರು. ಅದಕ್ಕೆ ಪ್ರತೀಕಾರವಾಗಿ ಸೆತಿಫ್, ಗೆಲ್ಮಾ, ಖೆರ್ರಾತಾ ಸುತ್ತಮುತ್ತ ಫ್ರೆಂಚ್ ಸೈನ್ಯ ವಿಮಾನ, ಹಡಗು ಎಲ್ಲವನ್ನೂ ಬಳಸಿ ವಾರಗಟ್ಟಲೆ ಜನರನ್ನು ಕೊಂದಿತು. ಸತ್ತವರು 45 ಸಾವಿರ ಅಂತ ಅಲ್ಜೀರಿಯಾ ಹೇಳುತ್ತೆ, ಅದಕ್ಕಿಂತ ಕಡಿಮೆ ಅಂತ ಹೇಳುವ ಇತಿಹಾಸಕಾರರೂ ಇದನ್ನು ಸಾವಿರಾರು ಜನರ ಹತ್ಯಾಕಾಂಡ ಅಂತಲೇ ಕರೀತಾರೆ.

ಖೆರ್ರಾತಾ ಅನ್ನೋ ಹೆಸರನ್ನು ನೆನಪಲ್ಲಿ ಇಟ್ಕೊಳ್ಳಿ. ಅಲ್ಲಿಗೆ ಮತ್ತೆ ಬರ್ತೀವಿ.

ಕೋವಿ ಸೋತಾಗ ಬೀದಿ ಗೆದ್ದಿತು

ಬೆನ್ ಮಿಹಿದಿ ಹೇಳ್ತಿದ್ದರು ಅಂತ ಅಲ್ಜೀರಿಯಾದಲ್ಲಿ ಒಂದು ಮಾತು ಪ್ರಸಿದ್ಧ. ಕ್ರಾಂತಿಯನ್ನು ಬೀದಿಗೆ ತನ್ನಿ, ಜನ ಅದನ್ನು ಹೊತ್ತುಕೊಳ್ತಾರೆ ಅಂತ.

1957ರಲ್ಲಿ ಫ್ರೆಂಚ್ ಪ್ಯಾರಾಟ್ರೂಪರ್‌ಗಳು ಅಲ್ಜೀರ್ಸ್ ನಗರವನ್ನು ವಶಕ್ಕೆ ತೆಗೆದುಕೊಂಡರು. ಎಫ್‌ಎಲ್‌ಎನ್ ನಗರದಲ್ಲಿ ಬಾಂಬ್ ಇಡ್ತಾ ಇತ್ತು, ಕಾಫಿ ಅಂಗಡಿಗಳಲ್ಲಿ ಕೂತಿದ್ದ ಸಾಮಾನ್ಯರೂ ಸಾಯ್ತಿದ್ದರು. ಅದನ್ನು ಮುಚ್ಚಿಡಬೇಕಾಗಿಲ್ಲ. ಉತ್ತರವಾಗಿ ಸೈನ್ಯ ಸಾವಿರಾರು ಜನರನ್ನು ಹಿಡಿದು ಚಿತ್ರಹಿಂಸೆ ಕೊಟ್ಟಿತು. ಆ ಫೆಬ್ರುವರಿಯಲ್ಲಿ ಬೆನ್ ಮಿಹಿದಿ ಸಿಕ್ಕಿಬಿದ್ದರು. ಕೈಗೆ ಕೋಳ, ಮುಖದಲ್ಲಿ ನಗು, ಆ ಫೋಟೊ ನೀವು ನೋಡಿರಬಹುದು. ಕೆಲವೇ ದಿನದಲ್ಲಿ, ಅವರು ಆತ್ಮಹತ್ಯೆ ಮಾಡಿಕೊಂಡರು ಅಂತ ಸೈನ್ಯ ಪ್ರಕಟಿಸಿತು. ಗಲ್ಲಿಗೆ ಹಾಕಿಸಿದ್ದು ತಾನೇ ಅಂತ ಪಾಲ್ ಒಸಾರೆಸ್ ಅನ್ನೋ ನಿವೃತ್ತ ಫ್ರೆಂಚ್ ಜನರಲ್ ಪುಸ್ತಕ ಬರೆದು ಒಪ್ಪಿಕೊಂಡದ್ದು 2001ರಲ್ಲಿ. ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಅದು ಕೊಲೆ ಅಂತ ಅಧಿಕೃತವಾಗಿ ಒಪ್ಪಿಕೊಂಡದ್ದು 2024ರ ನವೆಂಬರ್ 1ರಂದು. ಒಂದು ಸುಳ್ಳಿಗೆ 67 ವರ್ಷ ಆಯಸ್ಸು.

ಆ ವರ್ಷದ ಕೊನೆಗೆ ಅಲ್ಜೀರ್ಸ್‌ನಲ್ಲಿ ಎಫ್‌ಎಲ್‌ಎನ್ ಜಾಲ ಪೂರ್ತಿ ಮುರಿದುಹೋಗಿತ್ತು. ಮುಂದೆ ಬೆಟ್ಟಗಾಡಿನಲ್ಲೂ ಹೋರಾಟಗಾರರು ಸೋಲ್ತಾ ಬಂದರು. ಸೇನಾ ಲೆಕ್ಕದಲ್ಲಿ ಫ್ರಾನ್ಸ್ ಹೆಚ್ಚುಕಡಿಮೆ ಗೆದ್ದಿತ್ತು.

ಆಗ 1960ರ ಡಿಸೆಂಬರ್ ಬಂತು. ಫ್ರೆಂಚ್ ಅಧ್ಯಕ್ಷ ದ ಗಾಲ್ ಅಲ್ಜೀರಿಯಾ ಪ್ರವಾಸದಲ್ಲಿದ್ದರು. ಡಿಸೆಂಬರ್ 11ರಂದು ಅಲ್ಜೀರ್ಸ್‌ನ ಬಡ ಬಡಾವಣೆಗಳಿಂದ ಜನ ಹೊರಬಂದರು. ಹೆಂಗಸರು, ಮಕ್ಕಳು, ಮನೆಯಲ್ಲಿ ಹೊಲಿದ ಬಾವುಟಗಳು. ಗುಂಡು ಹಾರಿತು, ನೂರಕ್ಕೂ ಹೆಚ್ಚು ಜನ ಸತ್ತರು. ಆದರೆ ಅಲ್ಜೀರಿಯಾದ ಬಹುಪಾಲು ಜನ ಫ್ರಾನ್ಸ್ ಜತೆಗೇ ಇದ್ದಾರೆ ಅನ್ನೋ ಮಾತು ಅವತ್ತು ಬಿದ್ದುಹೋಯ್ತು. ಎಂಟೇ ದಿನದಲ್ಲಿ, ಡಿಸೆಂಬರ್ 19ರಂದು, ವಿಶ್ವಸಂಸ್ಥೆಯ ಮಹಾಸಭೆ ಅಲ್ಜೀರಿಯಾದ ಸ್ವಯಂ ನಿರ್ಣಯದ ಹಕ್ಕನ್ನು ಒಪ್ಪಿಕೊಂಡಿತು. 1962ರ ಜುಲೈ 1ರಂದು ಜನಮತಗಣನೆ ನಡೆದು, ಶೇ 99ಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯ ಬೇಕು ಅಂದರು. ಜುಲೈ 5ರಂದು, ಅಲ್ಜೀರ್ಸ್ ಶರಣಾಗಿ ಸರಿಯಾಗಿ 132 ವರ್ಷಕ್ಕೆ, ದೇಶ ಸ್ವತಂತ್ರವಾಯ್ತು.

ಏಳು ವರ್ಷ ಸಾಕು

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರ್ತಿತ್ತು. ಆದರೆ ಹೋರಾಟದ ಒಳಗೇ ಒಂದು ಜಗಳ ಮೊದಲಿನಿಂದ ಇತ್ತು. ದೇಶ ಆಳಬೇಕಾದವರು ಯಾರು? ಕೋವಿ ಹಿಡಿದವರೋ, ರಾಜಕೀಯ ನಾಯಕರೋ?

1956ರ ಆಗಸ್ಟ್‌ನಲ್ಲಿ ಸುಮ್ಮಾಮ್ ಕಣಿವೆಯಲ್ಲಿ ಎಫ್‌ಎಲ್‌ಎನ್ ನಾಯಕರ ಗುಟ್ಟಿನ ಸಮಾವೇಶ ನಡೆಯಿತು. ಅದರ ಹಿಂದಿನ ಮಿದುಳು ಅಬಾನ್ ರಮ್ದಾನ್. ಸೈನ್ಯ ರಾಜಕೀಯ ನಾಯಕತ್ವದ ಮಾತು ಕೇಳಬೇಕು, ದೇಶದ ಹೊರಗಿರುವವರು ಒಳಗಿರುವವರ ಮಾತು ಕೇಳಬೇಕು ಅಂತ ಅಲ್ಲಿ ತೀರ್ಮಾನ ಮಾಡಿಸಿದರು. ಒಂದೂವರೆ ವರ್ಷವೂ ಕಳೆಯಲಿಲ್ಲ, 1957ರ ಡಿಸೆಂಬರ್‌ನಲ್ಲಿ ಅಬಾನ್‌ರನ್ನು ಮೊರಾಕ್ಕೊಗೆ ಕರೆಸಿಕೊಂಡು ಅವರದೇ ಸಂಗಾತಿಗಳು ಕೊಂದರು. ಕೆಲವು ತಿಂಗಳ ಮೇಲೆ ಎಫ್‌ಎಲ್‌ಎನ್‌ನ ಪತ್ರಿಕೆ ಅವರು ರಣರಂಗದಲ್ಲಿ ವೀರಮರಣ ಹೊಂದಿದರು ಅಂತ ಬರೆಯಿತು. ಬೆನ್ ಮಿಹಿದಿ ಸಾವಿನ ಬಗ್ಗೆ ಶತ್ರು ಸುಳ್ಳು ಹೇಳಿದ, ಅಬಾನ್ ಸಾವಿನ ಬಗ್ಗೆ ಸ್ವಂತ ಮನೆಯವರೇ ಹೇಳಿದರು. ಎರಡೂ ಒಂದೇ ವರ್ಷದ ಕೊಲೆಗಳು.

1962ರ ಬೇಸಿಗೆಯಲ್ಲಿ ಆ ಜಗಳ ಬಯಲಿಗೆ ಬಂತು. ಯುದ್ಧದ ಕಾಲದಲ್ಲಿ ಮೊರಾಕ್ಕೊ ಮತ್ತು ಟ್ಯುನೀಷಿಯಾ ಗಡಿಯಾಚೆ ಒಂದು ಸೈನ್ಯ ಬೆಳೆದಿತ್ತು. ಅದರ ಮುಖ್ಯಸ್ಥ ಕರ್ನಲ್ ಬೂಮೆದಿಯೆನ್. ಆ ಸೈನ್ಯ ಬೆನ್ ಬೆಲ್ಲಾ ಅನ್ನೋ ನಾಯಕನ ಜತೆಗೂಡಿ ಅಲ್ಜೀರ್ಸ್ ಕಡೆ ಹೊರಟಿತು. ದೇಶದೊಳಗೇ ಇದ್ದು, ಏಳು ವರ್ಷ ಗುಂಡು ಎದುರಿಸಿದ ಹೋರಾಟಗಾರರು ಅಡ್ಡ ನಿಂತರು. ಅಲ್ಜೀರಿಯನ್ನರು ಅಲ್ಜೀರಿಯನ್ನರ ಮೇಲೆಯೇ ಗುಂಡು ಹಾರಿಸಿದರು. ಆಗ ಜನ ಬೀದಿಗೆ ಬಂದು ಕೂಗಿದ್ದು ಒಂದೇ ಮಾತು: ‘ಸಬಾ ಸ್ನಿನ್ ಬರಕಾತ್’. ಏಳು ವರ್ಷ ಆಯ್ತು, ಸಾಕು.

ಅಡ್ಡ ನಿಂತ ಆ ಹೋರಾಟಗಾರರಲ್ಲಿ ಲಖ್ದರ್ ಬುರೆಗಾ ಅನ್ನೋ 29 ವರ್ಷದ ಒಬ್ಬ ಕಮಾಂಡರ್ ಇದ್ದರು. ಈ ಹೆಸರನ್ನೂ ನೆನಪಲ್ಲಿ ಇಟ್ಕೊಳ್ಳಿ.

ಗೆದ್ದದ್ದು ಗಡಿಯಾಚೆಯ ಸೈನ್ಯ. ಮರುವರ್ಷ ಸಂವಿಧಾನ ಬರೆಯಬೇಕಾಯ್ತು. ಅದಕ್ಕೆಂದೇ ಆಯ್ಕೆಯಾದ ಸಂವಿಧಾನ ಸಭೆ ಇತ್ತು. ಆದರೆ ಕರಡಿಗೆ ಒಪ್ಪಿಗೆ ಹಾಕಿಸಿದ್ದು ಅಲ್ಜೀರ್ಸ್‌ನ ಮೆಜೆಸ್ಟಿಕ್ ಅನ್ನೋ ಸಿನಿಮಾ ಮಂದಿರದಲ್ಲಿ, ಪಕ್ಷದವರನ್ನು ಸೇರಿಸಿ! ಸಭೆಯ ಅಧ್ಯಕ್ಷ ಫೆರ್ಹಾತ್ ಅಬ್ಬಾಸ್ ಇದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ದೇಶಕ್ಕೆ ಒಂದೇ ಪಕ್ಷ ಅಂತ ಆಯ್ತು, ಅದು ಎಫ್‌ಎಲ್‌ಎನ್. ಬೆನ್ ಬೆಲ್ಲಾ ಅಧ್ಯಕ್ಷರಾದರು. 1965ರ ಜೂನ್ 19ರಂದು ಅವರನ್ನೂ ಬಂಧಿಸಿ ಬೂಮೆದಿಯೆನ್ ಅಧಿಕಾರ ಹಿಡಿದರು. ಅದೇ ಸುಮಾರಿಗೆ ‘ದ ಬ್ಯಾಟಲ್ ಆಫ್ ಅಲ್ಜೀರ್ಸ್’ ಸಿನಿಮಾದ ಕೆಲಸವೂ ನಗರದಲ್ಲಿ ನಡೀತಿತ್ತು. ರಸ್ತೆಗೆ ಬಂದ ಟ್ಯಾಂಕುಗಳನ್ನು ನೋಡಿದ ಜನ ಶೂಟಿಂಗ್ ಇರಬೇಕು ಅಂದುಕೊಂಡರು ಅಂತ ಒಂದು ಕಥೆ ಇವತ್ತಿಗೂ ಹೇಳ್ತಾರೆ.

ಎಣ್ಣೆ, ಅಕ್ಟೋಬರ್, ಕತ್ತಲು

ಬೂಮೆದಿಯೆನ್ 1971ರಲ್ಲಿ ತೈಲ ಮತ್ತು ಅನಿಲವನ್ನು ರಾಷ್ಟ್ರೀಕರಣ ಮಾಡಿದರು. ಆ ದುಡ್ಡಿನಲ್ಲಿ ಶಾಲೆ, ಆಸ್ಪತ್ರೆ, ಕಾರ್ಖಾನೆಗಳು ಬಂದವು. ಇದು ಸಣ್ಣ ಸಾಧನೆಯಲ್ಲ, ಫ್ರೆಂಚರು ಬಿಟ್ಟುಹೋದಾಗ ಅಲ್ಲಿನ ಬಹುಪಾಲು ಜನಕ್ಕೆ ಓದು ಬರಹವೇ ಇರಲಿಲ್ಲ. ಆದರೆ ಅದರ ಹಿಂದೆ ಬಾಯಿಬಿಟ್ಟು ಹೇಳದ ಒಂದು ಒಪ್ಪಂದ ಇತ್ತು. ಅನ್ನ, ಮನೆ, ಕೆಲಸ ನಾವು ಕೊಡ್ತೀವಿ, ಪ್ರಶ್ನೆ ನೀವು ಕೇಳಬೇಡಿ.

1986ರಲ್ಲಿ ತೈಲದ ಬೆಲೆ ಕುಸಿದಾಗ ಒಪ್ಪಂದವೂ ಕುಸಿಯಿತು. 1988ರ ಅಕ್ಟೋಬರ್ 5ರಂದು ಯುವಕರು ಬೀದಿಗಿಳಿದರು. ಹೋರಾಟದಲ್ಲೇ ಹುಟ್ಟಿದ ಸೈನ್ಯ ಮೊದಲ ಸಲ ಅಲ್ಜೀರ್ಸ್‌ನಲ್ಲಿ ಪ್ರತಿಭಟನೆಯ ಹುಡುಗರ ಮೇಲೆ ಗುಂಡು ಹಾರಿಸಿತು. ಸತ್ತವರು 159 ಅಂತ ಸರ್ಕಾರ ಹೇಳಿತು, 500 ಅಂತ ಉಳಿದವರು ಹೇಳ್ತಾರೆ. ಆ ಸಾವುಗಳ ಬೆಲೆಗೆ 1989ರಲ್ಲಿ ಹೊಸ ಸಂವಿಧಾನ, ಬಹುಪಕ್ಷ, ಸ್ವತಂತ್ರ ಪತ್ರಿಕೆಗಳು ಬಂದವು. ಮೂರು ವರ್ಷ ಅಲ್ಜೀರಿಯಾ ಬಾಯಿ ತುಂಬ ಮಾತಾಡಿತು.

1991ರ ಡಿಸೆಂಬರ್ 26ರ ಮೊದಲ ಸುತ್ತಿನ ಮತದಾನದಲ್ಲಿ ಇಸ್ಲಾಮಿಕ್ ಸಾಲ್ವೇಷನ್ ಫ್ರಂಟ್ 188 ಸ್ಥಾನ ಗೆದ್ದಿತು. ಅವರು ಅಧಿಕಾರಕ್ಕೆ ಬಂದರೆ ಪ್ರಜಾಪ್ರಭುತ್ವವನ್ನೇ ಮುಗಿಸ್ತಾರೆ ಅನ್ನೋ ಭಯ ಅನೇಕರಿಗೆ ನಿಜವಾಗಿಯೂ ಇತ್ತು. ಜನವರಿಯಲ್ಲಿ ಸೈನ್ಯ ಚುನಾವಣೆಯನ್ನೇ ರದ್ದು ಮಾಡಿತು. ಮೊರಾಕ್ಕೊದಲ್ಲಿ 28 ವರ್ಷದಿಂದ ಗಡೀಪಾರಾಗಿದ್ದ ಬೂದಿಯಾಫ್‌ರನ್ನು, ಅದೇ ಫೋಟೊದ ಬೂದಿಯಾಫ್‌ರನ್ನು, ಕರೆತಂದು ಕೂರಿಸಿದರು. ಭ್ರಷ್ಟಾಚಾರದ ಬಗ್ಗೆ ನೇರವಾಗಿ ಮಾತಾಡಿದ ಅವರು ಆರು ತಿಂಗಳೂ ಬದುಕಲಿಲ್ಲ.

ಆಮೇಲಿನ ಹತ್ತು ವರ್ಷವನ್ನು ಅಲ್ಲಿನವರು ಕಪ್ಪು ದಶಕ ಅಂತಾರೆ. ಉಗ್ರರು ಹಳ್ಳಿಗಳಿಗೇ ನುಗ್ಗಿ ಕೊಂದರು, ಬರಹಗಾರರನ್ನು, ಪತ್ರಕರ್ತರನ್ನು, ಗಾಯಕರನ್ನು ಹುಡುಕಿ ಕೊಂದರು. ಭದ್ರತಾ ಪಡೆಗಳು ಎತ್ತಿಕೊಂಡು ಹೋದ ಸಾವಿರಾರು ಜನ ವಾಪಸ್ ಬರಲೇ ಇಲ್ಲ. ಒಟ್ಟು ಒಂದೂವರೆ ಲಕ್ಷದಿಂದ ಎರಡು ಲಕ್ಷ ಜನ ಸತ್ತರು ಅನ್ನೋ ಅಂದಾಜಿದೆ.

ಯುದ್ಧ ತಣ್ಣಗಾದದ್ದು ಬುತೆಫ್ಲಿಕಾ ಕಾಲದಲ್ಲಿ, ಅವರಿಗೆ ಜನಪ್ರಿಯತೆ ಬಂದದ್ದೂ ಅದರಿಂದಲೇ. 2005ರ ಸಂಧಾನ ಸನ್ನದು ಕ್ಷಮಾದಾನ ಕೊಟ್ಟಿತು. ಅದರ ಹಿಂದೆ ಬಂದ 2006ರ ಕಾನೂನು, ‘ರಾಷ್ಟ್ರೀಯ ದುರಂತದ ಗಾಯಗಳನ್ನು ಬಳಸಿಕೊಂಡು’ ದೇಶದ ಸಂಸ್ಥೆಗಳಿಗೆ ಕೆಟ್ಟ ಹೆಸರು ತರುವಂತೆ ಮಾತಾಡಿದರೆ, ಬರೆದರೆ ಮೂರರಿಂದ ಐದು ವರ್ಷ ಜೈಲು ಅಂದಿತು. 1954ರ ಯುದ್ಧವನ್ನು ದಿನಾ ನೆನಪಿಸಿಕೊಳ್ಳಿ, 1992ರ ಯುದ್ಧವನ್ನು ಮರೆತುಬಿಡಿ. ಕಾಣೆಯಾದವರ ತಾಯಂದಿರು ಮಾತ್ರ ಮರೆಯಲಿಲ್ಲ. ಮಕ್ಕಳ ಫೋಟೊ ಹಿಡಿದು ಅಲ್ಜೀರ್ಸ್‌ನಲ್ಲಿ ಬುಧವಾರ ಬುಧವಾರ ನಿಲ್ತಾ ಇದ್ದರು.

ಮತ್ತೆ ಅದೇ ರಸ್ತೆ

ಈಗ 2019ಕ್ಕೆ ವಾಪಸ್ ಬರೋಣ. ಫೆಬ್ರುವರಿ 22ಕ್ಕಿಂತ ಆರು ದಿನ ಮೊದಲು ದೊಡ್ಡ ಮೆರವಣಿಗೆ ಹೊರಟದ್ದು ಎಲ್ಲಿ ಗೊತ್ತಾ? ಖೆರ್ರಾತಾದಲ್ಲಿ, 1945ರ ಅದೇ ಖೆರ್ರಾತಾದಲ್ಲಿ. ಮೂರು ದಿನ ಬಿಟ್ಟು ಖೆಂಚೆಲಾ ಅನ್ನೋ ಊರಲ್ಲಿ ಪುರಸಭೆ ಕಟ್ಟಡದ ಮೇಲಿದ್ದ ಬುತೆಫ್ಲಿಕಾರ ಭಾರಿ ಚಿತ್ರವನ್ನು ಜನ ಕಿತ್ತು ಕೆಳಗೆ ಹಾಕಿದರು.

ಅಲ್ಲಿ ಸಭೆಗೆ ಜಾಗ ಇಲ್ಲದಿದ್ದಾಗ ಯುವಕರು ಮಾತಾಡ್ತಿದ್ದದ್ದು ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಅಲ್ಜೀರ್ಸ್‌ನ ಒಂದು ಕ್ಲಬ್ಬಿನ ಅಭಿಮಾನಿಗಳು 2018ರಲ್ಲಿ ‘ಲಾ ಕಾಸಾ ದೆಲ್ ಮುರಾದಿಯಾ’ ಅಂತ ಒಂದು ಹಾಡು ಕಟ್ಟಿದ್ದರು. ಮುರಾದಿಯಾ ಅಂದರೆ ಅಧ್ಯಕ್ಷರ ಅರಮನೆ ಇರುವ ಜಾಗ. ನೀವೆಲ್ಲ ನೋಡಿರೋ ಆ ಸ್ಪ್ಯಾನಿಷ್ ದರೋಡೆ ಸರಣಿಯ ಹೆಸರನ್ನು ತಿರುಚಿ ಇಟ್ಟದ್ದು. ಅಲ್ಲಿ ಕೂತಿರೋರು ಕಳ್ಳರು ಅಂತ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಆ ಹಾಡು ಸ್ಟೇಡಿಯಂನಿಂದ ಎದ್ದು ಬೀದಿಗೆ ಬಂತು.

ಅವರ ಮುಖ್ಯ ಘೋಷಣೆ ‘ಸಿಲ್ಮಿಯಾ’, ಶಾಂತಿಯಿಂದ. ಕಪ್ಪು ದಶಕ ಕಂಡ ಮನೆಗಳ ಮಕ್ಕಳಿಗೆ ಆ ಒಂದು ಪದದ ಬೆಲೆ ಗೊತ್ತಿತ್ತು. ಮೆರವಣಿಗೆ ಮುಗಿದ ಮೇಲೆ ಕಸ ಹೆಕ್ಕಿ ರಸ್ತೆ ಗುಡಿಸಿ ಹೋಗ್ತಿದ್ದರು. ಮಂಗಳವಾರ ವಿದ್ಯಾರ್ಥಿಗಳ ಸರದಿ. ಮಾರ್ಚ್ ಮೊದಲ ಶುಕ್ರವಾರ ಜಮೀಲಾ ಬೂಹಿರೆಡ್ ಬಂದು ಗುಂಪಿನಲ್ಲಿ ನಡೆದರು. 1957ರಲ್ಲಿ ಫ್ರೆಂಚ್ ನ್ಯಾಯಾಲಯ ಮರಣದಂಡನೆ ಕೊಟ್ಟಿದ್ದ ಹೋರಾಟಗಾರ್ತಿ ಅವರು, ಆಗ ಎಂಬತ್ತು ದಾಟಿತ್ತು.

ಬುತೆಫ್ಲಿಕಾ ಹೋದರು, ಜನ ಮನೆಗೆ ಹೋಗಲಿಲ್ಲ. ‘ದೌಲಾ ಮದನಿಯಾ, ಮಾಶಿ ಅಸ್ಕರಿಯಾ’ ಅಂದರು. ನಾಗರಿಕರ ರಾಜ್ಯ ಬೇಕು, ಸೈನ್ಯದ ರಾಜ್ಯ ಬೇಡ. ಕೈಯಲ್ಲಿ ಅಬಾನ್ ರಮ್ದಾನ್ ಫೋಟೊ. 1956ರ ಆ ಜಗಳ ನೆನಪಾಯ್ತಲ್ವಾ? ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಆ ಹುಡುಗರು ಸರ್ಕಾರದ ಗೋಡೆಯ ಫೋಟೊ ಹಿಡ್ಕೊಂಡು ಬಂದಿರಲಿಲ್ಲ, ಇವರು ನಿಮ್ಮ ಸ್ವತ್ತಲ್ಲ ಅಂತ ಹೇಳಿ ಅದನ್ನು ವಾಪಸ್ ತಗೊಳ್ತಾ ಇದ್ದರು.

ಸೈನ್ಯದ ಮುಖ್ಯಸ್ಥ ಗಾಯಿದ್ ಸಾಲಹ್ ಮೆರವಣಿಗೆಯಲ್ಲಿ ರಾಷ್ಟ್ರಧ್ವಜ ಬಿಟ್ಟು ಬೇರೆ ಬಾವುಟ ಹಿಡಿಯಬಾರದು ಅಂದರು. ಅಮಾಜಿಗ್ ಸಮುದಾಯದ ಬಾವುಟ ಹಿಡಿದ ಹತ್ತಾರು ಜನ ಜೈಲಿಗೆ ಹೋದರು. ಜೂನ್ ಕೊನೆಯಲ್ಲಿ ಇನ್ನೊಬ್ಬರನ್ನು ಅವರ ಮನೆಗೆ ಬಂದು ಕರೆದೊಯ್ದರು, 86 ವರ್ಷದ ಮುದುಕ. ಆರೋಪ, ಸೈನ್ಯದ ಮನೋಬಲ ಕುಗ್ಗಿಸುವ ಕೆಲಸ. ಹೆಸರು ಲಖ್ದರ್ ಬುರೆಗಾ.

ಹೌದು, ಅವರೇ. 1962ರಲ್ಲಿ ಗಡಿಯಾಚೆಯ ಸೈನ್ಯಕ್ಕೆ ಅಡ್ಡ ನಿಂತವರು, ಬೂಮೆದಿಯೆನ್ ಕಾಲದಲ್ಲಿ ವರ್ಷಗಟ್ಟಲೆ ಜೈಲಿನಲ್ಲಿದ್ದವರು, ಈಗ ಮೊಮ್ಮಕ್ಕಳ ವಯಸ್ಸಿನವರ ಜತೆ ನಡೆದದ್ದಕ್ಕೆ ಮತ್ತೆ ಜೈಲು. ಅಷ್ಟಕ್ಕೇ ಬಿಡಲಿಲ್ಲ. ಈತ ನಿಜವಾದ ಕಮಾಂಡರೇ ಅಲ್ಲ, ಬೇರೊಬ್ಬರ ಹೆಸರು ಕದ್ದಿದ್ದಾನೆ ಅಂತ ಸರ್ಕಾರಿ ಟಿವಿ ಹೇಳಿತು. ಜತೆಗೆ ಹೋರಾಡಿದ ಹಳೆಯ ಸಂಗಾತಿಗಳು ಮುಂದೆ ಬಂದು, ಅದು ಸುಳ್ಳು ಅಂತ ಹೇಳಬೇಕಾಯ್ತು. ಒಬ್ಬ ಮನುಷ್ಯನ ಭವಿಷ್ಯ ಕಿತ್ಕೊಳ್ಳೋಕೆ ಆಗದಷ್ಟು ವಯಸ್ಸಾಗಿದ್ದಾಗ ಅವನ ಹಿಂದಿನ ಬದುಕನ್ನೇ ಕಿತ್ಕೊಳ್ಳೋಕೆ ನೋಡಿದ್ದರು.

ಅದಾಗಿ ಕೆಲವೇ ದಿನಕ್ಕೆ ಜುಲೈ 5, ಸ್ವಾತಂತ್ರ್ಯ ದಿನ. ಆ ವರ್ಷ ಅದು ಶುಕ್ರವಾರವೇ ಬಿತ್ತು. ದಿದೂಶ್ ಮುರಾದ್ ರಸ್ತೆಯಲ್ಲಿ ಜನ ಬುರೆಗಾ ಫೋಟೊ ಹಿಡಿದು ನಡೆದರು.

ಆಮೇಲೆ?

ಬುರೆಗಾ ಬಿಡುಗಡೆಯಾದದ್ದು 2020ರ ಜನವರಿ 2ರಂದು. ಅಷ್ಟರಲ್ಲಿ ಡಿಸೆಂಬರ್‌ನಲ್ಲಿ ಚುನಾವಣೆ ನಡೆಸಿ ತೆಬ್ಬೂನ್ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದ್ದರು, ಮತ ಹಾಕಿದವರು ಶೇ 40ರಷ್ಟು. ಮಾರ್ಚ್‌ನಲ್ಲಿ ಕೊರೊನಾ ಬಂತು. 56 ಶುಕ್ರವಾರ ನಡೆದ ಜನ ತಾವಾಗಿಯೇ ನಿಲ್ಲಿಸಿದರು. ನವೆಂಬರ್ 1ರಂದು ಹೊಸ ಸಂವಿಧಾನಕ್ಕೆ ಜನಮತ ಕೇಳಿದಾಗ ಮತಗಟ್ಟೆಗೆ ಹೋದವರು ಶೇ 24ರಷ್ಟೂ ಇರಲಿಲ್ಲ. ಮೂರು ದಿನ ಬಿಟ್ಟು ಬುರೆಗಾ ಕೊರೊನಾದಿಂದ ತೀರಿಕೊಂಡರು.

2021ರಲ್ಲಿ ಮೆರವಣಿಗೆ ಮತ್ತೆ ಶುರುವಾಗಿ, ಮೇ ತಿಂಗಳಲ್ಲಿ ಅನುಮತಿ ಬೇಕು ಅನ್ನೋ ಆದೇಶದೊಂದಿಗೆ ನಿಂತುಹೋಯ್ತು. ಅದೇ ವರ್ಷ ಕಾನೂನಿನಲ್ಲಿ ‘ಭಯೋತ್ಪಾದನೆ’ ಪದದ ಅರ್ಥ ಹಿಗ್ಗಿಸಿದರು. ಸಂವಿಧಾನಕ್ಕೆ ವಿರುದ್ಧವಾದ ದಾರಿಯಲ್ಲಿ ಆಡಳಿತ ಬದಲಾಯಿಸಲು ಯತ್ನಿಸುವುದೂ ಅದರೊಳಗೆ ಬಂತು. ಹಳೆಯ ಮಾನವ ಹಕ್ಕು ಸಂಘಟನೆಯನ್ನು ನ್ಯಾಯಾಲಯ ವಿಸರ್ಜಿಸಿತು. ‘ಲಿಬೆರ್ತೆ’ ಪತ್ರಿಕೆ 2022ರಲ್ಲಿ ಮುಚ್ಚಿತು. ಪತ್ರಕರ್ತರು ಜೈಲು ಕಂಡರು, ಕೆಲವರಿಗೆ ಕ್ಷಮಾದಾನವೂ ಸಿಕ್ಕಿತು.

ಮತ್ತೆ ಫೆಬ್ರುವರಿ 22? ಅದನ್ನು ಸರ್ಕಾರ ರಾಷ್ಟ್ರೀಯ ದಿನವನ್ನಾಗಿ ಘೋಷಿಸಿದೆ. ಜನತೆ ಮತ್ತು ಸೈನ್ಯದ ನಡುವಿನ ಸೋದರಭಾವದ ದಿನ ಅಂತೆ. ಹೊಸ ಸಂವಿಧಾನದ ಪೀಠಿಕೆಯಲ್ಲಿ ಹಿರಾಕ್‌ನ ಹೆಸರನ್ನೂ ಸೇರಿಸಿದ್ದಾರೆ. ಬೆನ್ ಮಿಹಿದಿಗೆ ರಸ್ತೆ ಕೊಟ್ಟ ಹಾಗೆ ಹಿರಾಕ್‌ಗೆ ಒಂದು ದಿನ ಕೊಟ್ಟಿದ್ದಾರೆ, ಹೆಸರನ್ನು ಗೋಡೆಗೆ ಹಾಕಿ ನಡಿಗೆಯನ್ನು ನಿಲ್ಲಿಸಿದ್ದಾರೆ.

ಹಾಗಾದರೆ ಎಲ್ಲ ಸೋತು ಹೋಯ್ತಾ? ಹಾಗಂತ ಹೇಳೋಕೆ ನನಗೆ ಮನಸ್ಸು ಬರಲ್ಲ. 1960ರಲ್ಲಿ, 1962ರಲ್ಲಿ, 1988ರಲ್ಲಿ, 2019ರಲ್ಲಿ, ಪ್ರತಿ ಸಲವೂ ಎಲ್ಲ ಮುಗೀತು ಅಂದುಕೊಂಡ ಮೇಲೆಯೇ ಆ ಬೀದಿ ತುಂಬಿದ್ದು. ಗೆದ್ದದ್ದನ್ನು ಪ್ರತಿ ಸಲವೂ ಬೇರೆ ಯಾರೋ ಎತ್ಕೊಂಡು ಹೋದರು ಅನ್ನೋದೂ ಅಷ್ಟೇ ನಿಜ.

ದಿದೂಶ್ ಮುರಾದ್ ಸಾಯೋ ಮೊದಲು ಹೇಳಿದ್ದು ಅಂತ ಒಂದು ಮಾತು ಅಲ್ಲಿ ಮಕ್ಕಳಿಗೂ ಗೊತ್ತು. ನಾವು ಸತ್ತರೆ ನಮ್ಮ ನೆನಪುಗಳನ್ನು ಕಾಪಾಡಿ ಅಂತ. ಸರ್ಕಾರ ಅದನ್ನು ಕೇಳಿಸ್ಕೊಂಡು ರಸ್ತೆಗೆ ಬೋರ್ಡ್ ಹಾಕಿತು. 86 ವರ್ಷದ ಬುರೆಗಾ ಆ ಬೋರ್ಡಿನ ಕೆಳಗೆ ನಡೆದು ಹೋದರು. ಆ ಮಾತನ್ನು ಯಾರು ಸರಿಯಾಗಿ ಕೇಳಿಸ್ಕೊಂಡರು ಅಂತ ನೀವೇ ಯೋಚನೆ ಮಾಡಿ.